ಎರಡು ಗುರುತು

"ಗೆದ್ದಲು ಹಿಡಿದಿಲ್ಲ ಸಾರ್, ಆ ಪುಟ ಹಂಗೇ ಐತೆ," ಎನ್ನುತ್ತ ಹೆಡ್ ನರ್ಸ್ ದ್ರಾಕ್ಷಾಯಣಮ್ಮ ರಿಜಿಸ್ಟರನ್ನು ಮೇಜಿನ ಮೇಲೆ ಇಟ್ಟಾಗ ಡಾಕ್ಟರ್ ಭೀಮೇಶನಿಗೆ ಮೊದಲು ಆದದ್ದು ನಿರಾಸೆ. ಬೇರೆ ಎಷ್ಟೋ ರಿಜಿಸ್ಟರುಗಳನ್ನು ಗೆದ್ದಲು ತಿಂದಿದ್ದವು. ಇದೊಂದನ್ನು ಮರ್ಯಾದೆ ಕೊಟ್ಟು ಬಿಟ್ಟಿದ್ದವು.

ಏಳು ತಿಂಗಳ ಹಿಂದಿನ ಪುಟ. ನರೇಶ್, ಮೂವತ್ತೊಂದು ವರ್ಷ, ರೊಳ್ಳದ ಕಡೆಯವನು. ಕರೆತಂದವರು ಪೊಲೀಸರು. ಮೈಮೇಲೆ ಗಾಯಗಳಿಲ್ಲ. ಗುರುತುಗಳು ಎರಡು: ಎಡಗೆನ್ನೆಯ ಮೇಲೆ ಮಚ್ಚೆ, ಬಲ ಮೊಣಕಾಲಿನ ಮೇಲೆ ಹಳೆಯ ಕಲೆ. ಕೆಳಗೆ ಭೀಮೇಶನ ಸಹಿ. ಸಹಿ ಚೆನ್ನಾಗಿ ಬಂದಿತ್ತು.

ನರೇಶನನ್ನು ಅವನು ನೋಡಿರಲಿಲ್ಲ.

ಅಲ್ಲಿನ ಪದ್ಧತಿ ಹಾಗೆ. ಜೀಪು ಬೇವಿನ ಮರದ ಕೆಳಗೆ ನಿಲ್ಲುತ್ತದೆ. ಕಾನ್‌ಸ್ಟೇಬಲ್ ಗಂಗರಾಜು ತಪಾಸಣೆಯ ಕಾಗದ ಹಿಡಿದು ಒಳಗೆ ಬರುತ್ತಾನೆ. ಜೀಪಿನಲ್ಲಿದ್ದವನು ಒಳಗೆ ಬರುವುದಿಲ್ಲ, ಡಾಕ್ಟರು ಹೊರಗೆ ಹೋಗುವುದಿಲ್ಲ. ಭೀಮೇಶ ರಾಯದುರ್ಗದಿಂದ ಈ ಆಸ್ಪತ್ರೆಗೆ ವರ್ಗವಾಗಿ ಬಂದಾಗ ಕುರ್ಚಿಯ ಜೊತೆಗೇ ಈ ಪದ್ಧತಿಯೂ ಸಿಕ್ಕಿತ್ತು. ಎರಡರ ಮೇಲೂ ಕೂತ.

ಗುರುತಿನ ಜಾಗ ಖಾಲಿ ಬಿಟ್ಟರೆ ಕಾಗದ ಕೋರ್ಟಿನಿಂದ ವಾಪಸ್ಸು ಬರುತ್ತದೆ. ಕಾಣದವನ ಮೈಮೇಲೆ ಏನೆಂದು ಬರೆಯುವುದು? ಹತ್ತನೇ ತರಗತಿಯ ಸರ್ಟಿಫಿಕೇಟಿನಲ್ಲಿ ಮೇಷ್ಟರು ಬರೆದಿದ್ದ ತನ್ನವೇ ಎರಡು ಗುರುತುಗಳು ಅವನಿಗೆ ಬಾಯಿಪಾಠವಾಗಿದ್ದವು. ಅವನ್ನೇ ಬರೆದ. ಒಮ್ಮೆ ಬರೆದ ಮೇಲೆ ಕೈಗೆ ರೂಢಿಯಾಯಿತು. ಪಂಪ್‌ಸೆಟ್ ಕದ್ದವನಿಗೂ ಎಡಗೆನ್ನೆಯ ಮೇಲೆ ಮಚ್ಚೆ, ಇಸ್ಪೀಟು ಆಡಿದವನಿಗೂ ಎಡಗೆನ್ನೆಯ ಮೇಲೆ ಮಚ್ಚೆ.

ಅವರೆಲ್ಲ ಮನೆಗೆ ಹೋದರು. ರೇಷ್ಮೆಗೂಡಿನ ಟೆಂಪೊ ಓಡಿಸುತ್ತಿದ್ದ ನರೇಶ್ ಹೋಗಲಿಲ್ಲ. ಅವನನ್ನು ತಾವು ಹಿಡಿದೇ ಇಲ್ಲ ಎಂದರು ಪೊಲೀಸರು. ಹೆಂಡತಿ ನಾಗಮಣಿ ಅರ್ಜಿ ಮೇಲೆ ಅರ್ಜಿ ಹಾಕಿ ಇಂಥದೊಂದು ಪುಟವಿದೆ ಎಂದು ಕಂಡುಹಿಡಿದಳು; ಪುಟವನ್ನು ಮಾತ್ರ ಅವಳಿಗೆ ಯಾರೂ ತೋರಿಸಲಿಲ್ಲ. ಆಗ ಪೊಲೀಸರು, ಅವನು ಬೇರೆ ನರೇಶ್, ಅವನಿಗೆ ಮುಖದ ಮೇಲೆ ಮಚ್ಚೆಯಿದೆ, ಮಾರನೆಯ ದಿನವೇ ಬಿಟ್ಟು ಕಳಿಸಿದೆವು ಎಂದರು. ಇವತ್ತು ಮಧ್ಯಾಹ್ನ ವಿಚಾರಣೆಗೆ ಮೇಲಿನಿಂದ ಅಧಿಕಾರಿ ಬರುತ್ತಿದ್ದರು. ಜೊತೆಗೆ ಹೊಸ ಫಾರಂಗಳೂ ಬರುತ್ತಿದ್ದವು. ಇನ್ನು ಮುಂದೆ ಹಿಡಿದು ತಂದವರ ತಪಾಸಣೆ ಎಂಟು ಪುಟ.

ಹನ್ನೆರಡಕ್ಕೆ ಗಂಗರಾಜು ಬಂದ. ಕೂತುಕೊಳ್ಳಲಿಲ್ಲ.

"ಬರ್ದಿರೋದು ಬರ್ದಂಗೆ ಹೇಳ್ಬಿಡಿ ಸಾರ್. ನೋಡ್ದೆ ಅನ್ನಿ, ಮುಗೀತು."

"ನಾ ನೋಡಿಲ್ಲಲ್ರಿ."

"ಒಬ್ಬನ್ನ ನೋಡಿಲ್ಲ ಅಂದ್ರೆ ಎಲ್ರನ್ನೂ ನೋಡಿಲ್ಲ ಅಂತಾಗುತ್ತೆ. ಒಟ್ಟು ಎಷ್ಟು ಜನ ಸಾರ್, ಅರವತ್ತಾ?"

ಭೀಮೇಶ ಸ್ಟೆತಸ್ಕೋಪನ್ನು ಕೊರಳಿನಿಂದ ತೆಗೆದು ಮತ್ತೆ ಹಾಕಿಕೊಂಡ.

"ಊಟ ಮಾಡಿ ಸಾರ್. ಮುದ್ದೆ ತಣ್ಣಗಾದ್ರೆ ಕಲ್ಲಾಗುತ್ತೆ," ಎಂದು ಗಂಗರಾಜು ಹೊರಟ.

ಊಟಕ್ಕೆ ಹೊರಟರೆ ವರಾಂಡದಲ್ಲಿ ನಾಗಮಣಿ ಎದ್ದು ನಿಂತಳು. ಹಣೆಯಲ್ಲಿ ಕುಂಕುಮ ದೊಡ್ಡದಾಗಿತ್ತು. ಬೇಕೆಂದೇ ದೊಡ್ಡದಾಗಿ ಇಟ್ಟ ಹಾಗಿತ್ತು.

"ಸಾರ್, ಮಚ್ಚೆ ಮುಖದಾಗೆ ಎಲ್ಲೈತೆ ಅಂತ ಬರ್ದಿದೀರ?"

"ಅದನ್ನ ನಾ ಹೇಳಬಾರದವ್ವ. ನಿನ್ನ ಗಂಡಗ ಎಲ್ಲಿ ಐತೋ ಅದನ್ನ ಹೇಳು."

"ನಮ್ಮೆಜಮಾನ್ರಿಗೆ ಮುಖದಾಗೆ ಏನೂ ಇಲ್ಲ. ಬೆನ್ನಾಗೆ ಒಂದೈತೆ, ಹುಣಸೆಬೀಜದಷ್ಟು. ಅದು ನಾನು ನೋಡಿರೋದು. ನೀವು ನೋಡಿರೋದು ಹೇಳಿ, ಅದನ್ನೇ ಅಂತೀನಿ. ನಿಮ್ಮ ಬುಕ್ಕಲ್ಲಿರೋನು ಅವರೇ ಅಂತ ಆದ್ರೆ ಸಾಕು. ಆಮ್ಯಾಕೆ ಎಲ್ಲಿ ಅಂತ ಪೊಲೀಸ್ನೋರು ಹೇಳ್ಲೇಬೇಕಲ್ಲ."

ಸುಳ್ಳು ಹೇಳಬೇಡ ಎಂದು ಅವಳಿಗೆ ಬುದ್ಧಿ ಹೇಳುವ ಬಾಯಿ ಅವನಿಗೆ ಇರಲಿಲ್ಲ.

"ಹೋಗ್ಲಿ ಬಿಡಿ. ಅವತ್ತು ಅವರು ನಿಂತಿದ್ರಾ ಸಾರ್, ಕುಂತಿದ್ರಾ?"

"ಕುಂತಿದ್ದ."

"ನೀರು ಏನಾನ ಕೇಳಿದ್ರಾ?"

"ಇಲ್ಲವ್ವ."

"ಕುಂತಿದ್ರು," ಎಂದು ಅವಳು ತನಗೇ ಹೇಳಿಕೊಂಡಳು. ಏಳು ತಿಂಗಳಲ್ಲಿ ಗಂಡನ ಬಗ್ಗೆ ಸರ್ಕಾರ ಕೊಟ್ಟ ಮೊದಲ ಸುದ್ದಿ ಅದು. ಜೋಪಾನ ಮಾಡುವವಳ ಹಾಗೆ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಮತ್ತೆ ಗೋಡೆಗೆ ಒರಗಿದಳು.

ಅವನು ಊಟ ಮಾಡಲಿಲ್ಲ.

ಮೂರು ಗಂಟೆಗೆ ಅಧಿಕಾರಿ ತ್ರಿವೇಣಿ ಬಂದರು. ಬಡಕಲು ಹೆಂಗಸು, ದಪ್ಪ ಕನ್ನಡಕ. ಕೋಣೆಯಲ್ಲಿ ಎದುರುಬದುರು ಎರಡು ಕುರ್ಚಿ ಹಾಕಿಸಿ ಒಂದರಲ್ಲಿ ಭೀಮೇಶನನ್ನು, ಇನ್ನೊಂದರಲ್ಲಿ ನಾಗಮಣಿಯನ್ನು ಕೂರಿಸಿ, ತಾವು ನಡುವಿನ ಮೇಜಿಗೆ ಕೂತರು. ಗಂಗರಾಜು ಬಾಗಿಲಲ್ಲಿ ನಿಂತ.

"ಡಾಕ್ಟರೇ, ಈ ನರೇಶನನ್ನು ನೀವೇ ಖುದ್ದಾಗಿ ನೋಡಿದಿರಾ?"

"ರಿಜಿಸ್ಟರಿನ್ಯಾಗ ಐತ್ರಿ ಮೇಡಂ."

"ರಿಜಿಸ್ಟರನ್ನ ನಾನೂ ಓದಬಲ್ಲೆ."

"ಪದ್ಧತಿ ಪ್ರಕಾರ ಆಗೈತ್ರಿ."

ತ್ರಿವೇಣಿ ಅದನ್ನು ಬರೆದುಕೊಂಡರು. ಯಾವ ಪದ್ಧತಿ ಎಂದು ಅವರು ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಭೀಮೇಶ ಅಂದುಕೊಂಡ. ಅವರು ಕೇಳಲಿಲ್ಲ. ಅವನಿಗೆ ಅವರ ಮೇಲೆ ಸಿಟ್ಟು ಬಂತು.

"ಈಗ ನೀನು ಹೇಳಮ್ಮ. ನಿನ್ನ ಗಂಡನ ಮುಖದ ಮೇಲೆ ಮಚ್ಚೆ ಇತ್ತೇ?"

"ಐತೆ ಮೇಡಂ."

"ಎಲ್ಲಿ? ಬಾಯಲ್ಲಿ ಹೇಳಬೇಡ, ಮುಟ್ಟಿ ತೋರಿಸು. ಒಂದೇ ಸಲ."

ನಾಗಮಣಿಯ ಕೈ ಹಣೆಯ ಹತ್ತಿರ ಬಂದು ನಿಂತಿತು. ಎದುರಿಗಿದ್ದ ಭೀಮೇಶನ ಕಡೆ ನೋಡಿದಳು. ಸಹಾಯಕ್ಕೆಂದು ನೋಡಿದ ಕಣ್ಣು ಅವನ ಕಣ್ಣಿನಿಂದ ಕೆಳಗಿಳಿದು ಕೆನ್ನೆಯ ಮಚ್ಚೆಯ ಮೇಲೆ ನಿಂತುಬಿಟ್ಟಿತು. ಅವಳಿಗೆ ಏನು ತಿಳಿಯಿತೋ, ಎಷ್ಟು ತಿಳಿಯಿತೋ. ಬೆರಳು ಮೆಲ್ಲಗೆ ಇಳಿದು, ಕನ್ನಡಿ ನೋಡಿಕೊಳ್ಳುವವರ ಹಾಗೆ, ಅವಳ ಬಲಗೆನ್ನೆಯನ್ನು ಮುಟ್ಟಿತು.

ರಿಜಿಸ್ಟರಿನಲ್ಲಿ ಇದ್ದದ್ದು ಎಡ.

ಬಾಗಿಲಲ್ಲಿ ಗಂಗರಾಜು ಉಸಿರು ಬಿಟ್ಟ. ತ್ರಿವೇಣಿ ಪುಟದಿಂದ ತಲೆಯೆತ್ತಿದರು. ಅವರ ಕೈಯಲ್ಲಿ ಪೆನ್ನು ತೆರೆದೇ ಇತ್ತು. ಇನ್ನೂ ಬರೆದಿರಲಿಲ್ಲ.

ಒಂದು ಮಾತು ಸಾಕಿತ್ತು. ಆ ಮಚ್ಚೆ ನನ್ನದು, ಇವಳ ಗಂಡನನ್ನು ನಾನು ನೋಡಲಿಲ್ಲ, ಜೀಪಿನಲ್ಲಿದ್ದವನು ಯಾರ ಗಂಡನಾದರೂ ಆಗಿರಬಹುದಿತ್ತು. ಹೇಳಲೆಂದು ಬಾಯಿ ತೆರೆದ. ಅಷ್ಟರಲ್ಲಿ ಅವನ ಎಡಗೈ ತಾನಾಗಿ ಮೇಲೆದ್ದು, ಹಲ್ಲುನೋವಿನವನ ಹಾಗೆ, ಮಚ್ಚೆಯನ್ನು ಮುಚ್ಚಿಕೊಂಡಿತು.

ನಾಗಮಣಿ ಅವನ ಮೇಲಿಂದ ಕಣ್ಣು ತೆಗೆದಿರಲಿಲ್ಲ. ಅದೂ ಒಂದು ಸೂಚನೆ ಎಂದುಕೊಂಡವಳ ಹಾಗೆ ಬೆರಳು ತೆಗೆದು, ಅವನಂತೆಯೇ, ತನ್ನ ಖಾಲಿ ಕೆನ್ನೆಯ ಮೇಲೆ ಅಂಗೈ ಇಟ್ಟುಕೊಂಡಳು.