ಕೊಡೆ ಮುಚ್ಚಿ ತೋರಿಸಿ

ಅಣೆಕಟ್ಟು ಒಡೆದಿದೆ ಎಂಬ ಧ್ವನಿಸಂದೇಶ ಕುಶಾಲನಗರದ ಹೊಳೆದಂಡೆಯ ಬಡಾವಣೆಯ ವಾಟ್ಸಾಪ್ ಗುಂಪಿಗೆ ಬಂದಾಗ ಕಾವ್ಯಶ್ರೀ ಅಡುಗೆ ಮಾಡುತ್ತಿದ್ದಳು. ಒಲೆ ಆರಿಸಿ ಹೊರಗೆ ಓಡಿದಳು. ಪಕ್ಕದ ಮನೆಯವರು ಆಗಲೇ ಟಿ.ವಿ.ಯನ್ನು ಆಟೋಗೆ ಏರಿಸುತ್ತಿದ್ದರು. ಗಂಡ ಶಶಿಕುಮಾರ್ ತನ್ನ ತಾಯಿಯ ಮಾತ್ರೆಗಳನ್ನು ಚೀಲಕ್ಕೆ ತುಂಬತೊಡಗಿದ. ಹಿಂದೊಂದು ಮಳೆಗಾಲದಲ್ಲಿ ನಡುಮನೆಗೆ ನೀರು ನುಗ್ಗಿದ್ದನ್ನು ಅವರ್ಯಾರೂ ಮರೆತಿರಲಿಲ್ಲ.

ಅಣೆಕಟ್ಟಿನ ಪಕ್ಕದ ಊರಿನಲ್ಲಿದ್ದ ಚಿಕ್ಕಮ್ಮ ಚಲುವಮ್ಮನಿಗೆ ಕಾವ್ಯಶ್ರೀ ವಿಡಿಯೋ ಕಾಲ್ ಮಾಡಿದಳು.

"ಚಿಕ್ಕಮ್ಮ, ಡ್ಯಾಮ್ ಒಡೆದೋಯ್ತಂತೆ?"

"ಒಡೆದಿದ್ರೆ ನಾನು ಫೋನ್ ಎತ್ತುತಿದ್ನಾ? ನೋಡು."

ಚಲುವಮ್ಮ ಕೊಡೆ ಹಿಡಿದು ರಸ್ತೆಗೆ ಬಂದು ಫೋನನ್ನು ತಿರುಗಿಸಿದಳು. ಮಳೆಯ ಮಸುಕಿನಲ್ಲಿ ಅಣೆಕಟ್ಟು ಇಡಿಯಾಗಿ ನಿಂತಿತ್ತು. ಕಾವ್ಯಶ್ರೀ ಅದನ್ನು ರೆಕಾರ್ಡ್ ಮಾಡಿ ಗುಂಪಿಗೆ ಹಾಕಿದಳು.

"ಇದು ಯಾವತ್ತಿನ ವಿಡಿಯೋ? ಈಗ ಇಂಥವನ್ನ ಕಂಪ್ಯೂಟರಲ್ಲೇ ಮಾಡ್ತಾರೆ," ಎಂದು ಎದುರುಮನೆಯ ಮಂಜುನಾಥ ಬರೆದ. ಅವಳಿಗೆ ಸಿಟ್ಟು ಬಂತು. ಆದರೆ ತಾನಾಗಿದ್ದರೂ ಹಾಗೇ ಕೇಳುತ್ತಿದ್ದೆ ಅನ್ನಿಸಿ, ಅವನನ್ನೂ ಕರೆಗೆ ಸೇರಿಸಿಕೊಂಡಳು.

"ಅಮ್ಮ, ಬೇಜಾರಾಗ್ಬೇಡಿ," ಎಂದ ಮಂಜುನಾಥ. "ಒಂದ್ಸಲ ಕೊಡೆ ಮುಚ್ಚಿ ತೋರಿಸಿ."

"ನಾನ್ಯಾಕಪ್ಪಾ ನೆನೀಬೇಕು?" ಎಂದು ಗೊಣಗುತ್ತಲೇ ಚಲುವಮ್ಮ ಕೊಡೆ ಮುಚ್ಚಿದಳು. ನೀರು ಅವಳ ಹಣೆಯಿಂದ ಮೂಗಿಗೆ ಇಳಿಯಿತು. ಹಿಂದೆ ಅಣೆಕಟ್ಟು ಹಾಗೆಯೇ ಇತ್ತು.

"ಸುಳ್ಳು ಸುದ್ದಿ, ನಾನೇ ನೋಡ್ದೆ," ಎಂದು ಮಂಜುನಾಥ ಗುಂಪಿಗೆ ಹೇಳಿದ. ಆಟೋಗೆ ಸಾಮಾನು ಏರಿಸುವುದು ನಿಂತಿತು. ಆದರೂ ಫೋನಿನಲ್ಲಿ ತಾವೇ ನೋಡಲೆಂದು ಜನ ಕಾವ್ಯಶ್ರೀಯ ಸುತ್ತ ಸೇರುತ್ತಲೇ ಇದ್ದರು.

"ಫೋನ್ ಇಡ್ಲೇನೇ?" ಎಂದಳು ಚಲುವಮ್ಮ.

"ಬೇಡ ಚಿಕ್ಕಮ್ಮ. ಚಾರ್ಜಿಗೆ ಹಾಕಿ ಕಿಟಕಿ ಹತ್ರ ಇಡು. ಡ್ಯಾಮ್ ಕಾಣ್ತಾ ಇರ್ಲಿ."