ಬರ್ತೇನಿ ಅನ್ನು

2025ರ ಫೆಬ್ರವರಿ 11, ಮಂಗಳವಾರ, ಬೆಳಗಿನ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಮಹಾಬಳೇಶ್ವರ ಆರನೆಯ ಮಹಡಿಯಲ್ಲಿ ಸತ್ತ.

ಸತ್ತದ್ದು ಅಪ್ಪುಗೆಯಿಂದ. ಆರನೆಯ ಮಹಡಿಯಲ್ಲಿ ಸಿಬ್ಬಂದಿ ವಿಭಾಗದ ಮುಖ್ಯಸ್ಥೆ ಎರಡೂ ತೋಳು ಚಾಚಿ ಕಾಯುತ್ತಿರುತ್ತಾಳೆ. 'ನಾವೆಲ್ಲ ಒಂದೇ ಕುಟುಂಬ' ಎನ್ನುತ್ತ ತಬ್ಬಿಕೊಳ್ಳುತ್ತಾಳೆ. ತಬ್ಬಿಕೊಂಡಷ್ಟು ಹೊತ್ತೂ ಪರದೆಯ ಮೇಲಂಚಿನ ಕೆಂಪು ಪಟ್ಟಿ ಕರಗುತ್ತ ಹೋಗುತ್ತದೆ. ಪೂರಾ ಕರಗಿದರೆ ಕೆಲಸ ಹೋಯಿತು, ಅಂದರೆ ಜೀವ ಹೋಯಿತು. ಆಟದಲ್ಲಿ ಎರಡಕ್ಕೂ ಒಂದೇ ಚಿತ್ರ. ನಾಯಕಿ ರಟ್ಟಿನ ಪೆಟ್ಟಿಗೆ ಹಿಡಿದು ಲಿಫ್ಟಿನಲ್ಲಿ ಇಳಿಯುತ್ತಾಳೆ. ಕೆಳಗೆ ಬಾಗಿಲು ತೆರೆಯುತ್ತದೆ. 'ಸ್ವಾಗತ. ಇಂದು ನಿಮ್ಮ ಮೊದಲ ದಿನ' ಎಂಬ ಫಲಕ ಹೊಳೆಯುತ್ತದೆ.

ಅವನಿಗೆ ಇದು ಆಟವಲ್ಲ, ಕೆಲಸ. ಹೊಸ ಕಂಪನಿಗಳ ರೀತಿನೀತಿಗಳನ್ನು ಗೇಲಿ ಮಾಡುವ ಆಟವೊಂದನ್ನು ಒಂದು ಹೊಸ ಕಂಪನಿ ತಯಾರಿಸುತ್ತಿತ್ತು. ಅದನ್ನು ಆಡಿ ಆಡಿ ದೋಷ ಹುಡುಕುವುದು, ಅದರ ಮಾತುಗಳನ್ನೆಲ್ಲ ಕನ್ನಡಕ್ಕೆ ತರುವುದು ಅವನ ಪಾಲಿನದು. ಏಳು ಮಹಡಿಯ ಕಚೇರಿ. ಸತ್ತಾಗಲೆಲ್ಲ ಗಳಿಸಿದ್ದನ್ನು ಕಳೆದುಕೊಂಡು ಮತ್ತೆ ಕೆಳಗಿನಿಂದ ಹತ್ತಬೇಕು. ಪ್ರತಿ ಸಲ ಕೋಣೆಗಳ ಜೋಡಣೆ ಬೇರೆ, ಮಹಡಿಗಳು ಅವೇ. ಒಂದು ಸಂಗತಿ ಮಾತ್ರ ಸಾವಿನಾಚೆಗೂ ಉಳಿಯುತ್ತಿತ್ತು. ಅದಕ್ಕೆ ಅವನು 'ಸಹನೆ' ಎಂಬ ಪದ ಹಾಕಿದ್ದ. ಪ್ರತಿ ಸಾವಿಗೂ ಸಹನೆ ಒಂದಂಕ ಏರುತ್ತದೆ. ಸಹನೆ ಏರಿದಷ್ಟೂ ಕೆಂಪು ಪಟ್ಟಿ ನಿಧಾನವಾಗಿ ಕರಗುತ್ತದೆ. ಏಳನೆಯ ಮಹಡಿಯಲ್ಲಿ ಏನಿದೆ ಎಂಬುದು ಅವನಿಗೆ ಗೊತ್ತಿತ್ತು. ಏನೂ ಇರಲಿಲ್ಲ. ಅದಿನ್ನೂ ತಯಾರಾಗಿರಲಿಲ್ಲ.

"ಚಾ ಇಟ್ಟೇನಿ," ಅಡುಗೆಮನೆಯಿಂದ ಸುನಂದಾ ಹೇಳಿದಳು.

"ಹ್ಞೂಂ."

"ಆರಿ ಹೋಗ್ತೈತಿ."

"ಹ್ಞೂಂ."

"ಕೇಳಸ್ತೈತೇನ್ರಿ?"

ಅವನ ಬೆರಳು ಕೀಲಿಯ ಮೇಲೆ ನಿಂತಿತು. ಹೆಂಡತಿ ಈ ಮಾತನ್ನು ಬೇಕೆಂದೇ ಆಡಿದಳೋ ಸಹಜವಾಗಿ ಆಡಿದಳೋ ತಿಳಿಯಲಿಲ್ಲ.

ನವೆಂಬರಿನಲ್ಲಿ ಅವಳ ತಂದೆ ತೀರಿಕೊಂಡಿದ್ದರು. ಅವಳ ತವರು ಹಳಿಯಾಳದಲ್ಲಿ ಮಣ್ಣು ಮಾಡಿದರು. ಅಂದಿನ ಬೆಳಗಿನ ಸಭೆಗೆ ಅವನು ರಜೆ ಕೇಳಿರಲಿಲ್ಲ. ಕೇಳಿದ್ದರೆ ಕೊಡುತ್ತಿದ್ದರು, ಅದು ಬೇರೆ ಮಾತು. ಒಂದು ಕಿವಿಯಲ್ಲಿ ಇಯರ್‌ಫೋನು ಇಟ್ಟುಕೊಂಡೇ ಕುಣಿಯ ಬಳಿ ನಿಂತಿದ್ದ. ಹಿಡಿಮಣ್ಣು ಹಾಕಲು ಬಾಗಿದಾಗ ಕಿವಿಯಲ್ಲಿ ಯಾರೋ ಅವನ ಹೆಸರು ಕರೆದರು. "ಕೇಳಸ್ತೈತೇನ್ರಿ? ನನ್ನ ದನಿ ಕೇಳಸ್ತೈತೇನ್ರಿ?" ಎಂದುಬಿಟ್ಟ, ಗಟ್ಟಿಯಾಗಿ, ಕುಣಿಯೊಳಗೆ ನೋಡುತ್ತ.

ಹೆಂಗಸರು ಹೋ ಎಂದು ಅತ್ತರು. "ಅಳಿಯನ್ನ ನೋಡ್ರಿ ಯವ್ವಾ, ಮಾವನ್ನ ಮಾತಾಡ್ಸಾಕ ಹತ್ಯಾನ" ಎಂದು ಯಾರೋ ಅಂದರು. ಅತ್ತೆ ಗುರುಸಿದ್ದವ್ವ ಅವನ ತಲೆ ಸವರಿದಳು. ಅಂದಿನಿಂದ ಹಳಿಯಾಳದಲ್ಲಿ ಅವನಿಗೆ ಒಳ್ಳೆಯ ಹೆಸರು. ಇಯರ್‌ಫೋನನ್ನು ಕಂಡವಳು ಸುನಂದಾ ಒಬ್ಬಳೇ. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಅವನಿಗೂ.

"ಕೇಳಸ್ತೈತಿ," ಎಂದ. "ಮೀಟಿಂಗ್ ಐತಿ. ಮುಗಿಸಿ ಕುಡೀತೇನಿ."

ಹತ್ತು ಗಂಟೆಯ ಸಭೆ ಎಂದಿನಂತೆ 'ಮನಸ್ಸಿನ ಹವಾಮಾನ'ದಿಂದ ಶುರುವಾಯಿತು. ಎಲ್ಲರೂ ತಮ್ಮ ಮನಸ್ಥಿತಿಗೆ ಹತ್ತರಲ್ಲಿ ಅಂಕ ಕೊಡಬೇಕು. ಹತ್ತು ಕೊಟ್ಟರೆ ಕೆಲಸ ಕಡಿಮೆಯಿದೆ ಎಂದರ್ಥ, ಐದು ಕೊಟ್ಟರೆ ಸಭೆಯ ನಂತರ ಯಾರಾದರೂ ಫೋನು ಮಾಡುತ್ತಾರೆ. ಮಹಾಬಳೇಶ್ವರ ಯಾವಾಗಲೂ ಏಳು ಕೊಡುತ್ತಿದ್ದ. ಈ ಪದ್ಧತಿಯನ್ನೇ ಆಟದಲ್ಲಿ ಸೇರಿಸಿ ಗೇಲಿ ಮಾಡಬಹುದೆಂದು ಹಿಂದೊಮ್ಮೆ ಯಾರೋ ಸೂಚಿಸಿದ್ದರು. ಎಲ್ಲರೂ ನಕ್ಕು ಒಪ್ಪಿದರು. ಈಗ ಮೂರನೆಯ ಮಹಡಿಯಲ್ಲಿ ಅದೇ ಇದೆ. ಮರುದಿನವೂ ಎಲ್ಲರೂ ಅಂಕ ಕೊಟ್ಟರು.

"ಮ್ಯಾಕ್ಸ್, ನಿಮ್ಮದು?" ಲೋಕೇಶ ಕೇಳಿದ. ಲೋಕೇಶ ಅವನ ಮೇಲಿನವನು. ಪರದೆಯ ಚೌಕದಾಚೆಗೆ ಅವನನ್ನು ನೋಡಿರಲಿಲ್ಲ. ಮಹಾಬಳೇಶ್ವರ ಎಂಬ ಹೆಸರು ಆ ಚೌಕದ ಕೆಳಗೆ ಹಿಡಿಸದ್ದರಿಂದ ಮ್ಯಾಕ್ಸ್ ಆಗಿತ್ತು.

"ಏಳು."

"ಸೂಪರ್. ಎಕ್ಸಿಟ್ ಲೈನ್ ಏನಾಯ್ತು? ಲಿಫ್ಟಲ್ಲಿ ಇಳೀವಾಗ ಹೇಳೋದು?"

"ಈಗ 'ವಿದಾಯ' ಅಂತಿದೆ. ಅದು ಬೇಡ. ಹಾಗೆ ಯಾರೂ ಹೇಳುವುದಿಲ್ಲ. 'ಬರ್ತೇನಿ' ಅಂತ ಇಡೋಣ. ನಮ್ಮ ಕಡೆಯ ಮಾತಲ್ಲೇ."

ಲೋಕೇಶ ಯೋಚಿಸಿದಂತೆ ಕಾಣಿಸಿದ. ಅಥವಾ ಚಿತ್ರ ಸ್ತಬ್ಧವಾಗಿತ್ತು. "ಡಾರ್ಕ್ ಆಗಿದೆ. ಹೋಗ್ತಾ ಇದಾಳೆ, ಬರ್ತೀನಿ ಅಂತಾಳೆ, ಬಂದೇ ಬರ್ತಾಳೆ. ಒಳ್ಳೇದು. ಹೆಣ್ಣು ದನಿ ಬೇಕಲ್ಲ, ನಿಮ್ಮ ಮಿಸೆಸ್ ಹತ್ರ ಒಂದ್ಸಲ ಹೇಳ್ಸಿ ಕಳ್ಸಿ. ಆಮೇಲೆ ಆರ್ಟಿಸ್ಟ್ ಹತ್ರ ಮಾಡಿಸ್ತೀವಿ."

ಆ ಪದದ ಬಗ್ಗೆ ಮಹಾಬಳೇಶ್ವರನಿಗೆ ಸಣ್ಣ ಹೆಮ್ಮೆಯಿತ್ತು. ಚಿಕ್ಕವನಿದ್ದಾಗ ಶಾಲೆಗೆ ಹೊರಟು ಬಾಯಿತಪ್ಪಿ 'ಹೋಗ್ತೇನಿ' ಎಂದರೆ ತಾಯಿ ಕಾಶೆವ್ವ ರಟ್ಟೆ ಹಿಡಿದು ಒಳಗೆಳೆಯುತ್ತಿದ್ದಳು. ಕೂರಿಸಿ, ನೀರು ಕುಡಿಸಿ, 'ಬರ್ತೇನಿ' ಅನ್ನಿಸಿ ಕಳಿಸುತ್ತಿದ್ದಳು. "ಹೋಗ್ತೇನಿ ಅಂತ ಹೆಣಾನೂ ಅನ್ನೂದಿಲ್ಲೋ" ಎನ್ನುತ್ತಿದ್ದಳು. ರಸಾಯನಶಾಸ್ತ್ರದ ಎಂಎಸ್ಸಿಗೂ ಆಮೇಲಿನ ಅತಿಥಿ ಉಪನ್ಯಾಸಕನ ವರ್ಷಗಳಿಗೂ ಬಾರದ ಉಪಯೋಗ ಈ ಒಂದು ಬೈಗುಳಕ್ಕೆ ಬಂದಿತ್ತು.

ಆ ದಿನಗಳ ನೆನಪಿಗೆ ಉಳಿದದ್ದು ಒಂದು ಪ್ರಯೋಗಾಲಯದ ಥರ್ಮಾಮೀಟರು. ಅದನ್ನು ಮೇಜಿನ ಪಕ್ಕದ ಕಿಟಕಿಗೆ ದಾರ ಕಟ್ಟಿ ತೂಗುಹಾಕಿದ್ದ. ಕೋಣೆ ತೀರ ಕಾದರೆ ಲ್ಯಾಪ್‌ಟಾಪು ತಾನಾಗಿ ಆರಿಹೋಗುತ್ತಿತ್ತು. ಆದ್ದರಿಂದ ಆಗಾಗ ಕತ್ತೆತ್ತಿ ನೋಡುತ್ತಿದ್ದ. ನನ್ನ ಮಾರಿಗಿಂತ ಹೆಚ್ಚು ಸಲ ಅದನ್ನ ನೋಡ್ತೀರಿ ಎಂದು ಸುನಂದಾ ಒಮ್ಮೆ ಹೇಳಿದ್ದಳು. ಅವನು ಮನಸ್ಸಿನಲ್ಲೇ ಪರಿಶೀಲಿಸಿದ. ನಿಜವಿತ್ತು.

ಫೋನು ಹಿಡಿದು ಒಳಕೋಣೆಗೆ ಹೋದಾಗ ಅವಳು ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಹೊಲಿಗೆ ಯಂತ್ರ ಹಳೆಯ ಜಮಖಾನದಲ್ಲಿ ಸುತ್ತಿಕೊಂಡು ಬಾಗಿಲ ಬಳಿ ಕೂತಿತ್ತು. ಮಾವ ಮದುವೆಯಲ್ಲಿ ಕೊಟ್ಟದ್ದು. ಕಿಟಕಿಯಿಂದ ಕಾಗದದ ಮಿಲ್ಲಿನ ಕಡೆಯ ಬೇಯುವ ತಿರುಳಿನ ವಾಸನೆ ಬರುತ್ತಿತ್ತು. ಅವರಿದ್ದ ಬಂಗೂರನಗರದಲ್ಲಿ ಅದು ಮೂಗಿಗೆ ತಿಳಿಯುವುದು ಹೊಸಬರಿಗೆ ಮಾತ್ರ. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಸೆರಗು ಮುಚ್ಚಿಕೊಳ್ಳುತ್ತಿದ್ದಳು, ಆಮೇಲೆ ಬಿಟ್ಟಿದ್ದಳು. ಈಗ ಒಂದು ತಿಂಗಳಿಂದ ಮತ್ತೆ ವಾಸನೆ ಬರುತ್ತಿದೆ ಎನ್ನುತ್ತಿದ್ದಳು.

"ಸುನಂದಾ, ಒಂದ ಶಬ್ದ ಹೇಳಬೇಕಿತ್ತು ನೀ. ರೆಕಾರ್ಡ್ ಮಾಡ್ಕೋತೇನಿ."

"ಏನ ಶಬ್ದ?"

"ಬರ್ತೇನಿ."

ಅವಳ ಕೈ ನಿಂತಿತು. "ಯಾರ ಅನ್ನೂದು ಇದು?"

"ಆಟದಾಗಿನ ಹೆಂಗಸು. ಕೆಲಸದಿಂದ ತಗದಾರ. ಹೊಂಟಾಳ."

"ಮತ್ತ ಬರ್ತಾಳೇನು?"

"ಬರಾಕ ಬೇಕು. ಆಟ ಹಂಗ ಐತಿ."

"ಅಕಿಗೆ ಮನಸೈತೇನು?"

"ಅಲ್ಲಿ ಮನಸಿನ ಪ್ರಶ್ನಿ ಇಲ್ಲ."

ಅವಳು ಸ್ವಲ್ಪ ನಕ್ಕಳು. "ಹಂಗಾರ ನಮ್ಮ ಮನೀನ ಐತಿ ಬಿಡ್ರಿ."

ಅವನು ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದ. ಬಹಳ ದಿನಗಳ ನಂತರ ಇಷ್ಟು ಹತ್ತಿರ ನಿಂತಿದ್ದ. ಅವಳು ಫೋನಿನ ಕಡೆ ನೋಡಲಿಲ್ಲ, ಅವನನ್ನು ನೋಡಿದಳು. ಅವನು ಪರದೆಯ ಮೇಲಿನ ದನಿಯ ಗೆರೆಯನ್ನು ನೋಡುತ್ತಿದ್ದ.

"ಹೋಗ್ತೇನಿ," ಎಂದಳು.

ಗೆರೆ ಒಮ್ಮೆ ಎದ್ದು ಬಿತ್ತು.

"ತಪ್ಪಾತು. ಬರ್ತೇನಿ ಅನ್ನು."

"ತಪ್ಪಾಗಿಲ್ಲ."

"ಇನ್ನೊಮ್ಮೆ ಅನ್ನಲಾ."

"ಅದನ್ನ ಒಮ್ಮೆ ಅಂದ್ರ ಸಾಕು." ಚೀಲದ ಬಾಯಿ ಎಳೆದು ಕಟ್ಟಿದಳು. "ಅಪ್ಪನ ಅಂಗಡಿ ಬಾಗಲಾ ತೆಗೀತೇನಿ. ಹೋದ ವಾರ ಹೇಳಿದ್ನೆಲ್ಲ, ಹ್ಞೂಂ ಅಂದ್ರಿ."

ಹಗ್ಗ, ಗುದ್ದಲಿ, ಮೊಳೆಗಳ ಅಂಗಡಿ. ನವೆಂಬರಿನಿಂದ ಮುಚ್ಚಿತ್ತು. ಹ್ಞೂಂ ಅಂದದ್ದು ಅವನಿಗೆ ನೆನಪಿರಲಿಲ್ಲ. ಆದರೆ ಅಂದಿರುವ ಸಂಭವ ಹೆಚ್ಚಿತ್ತು.

ಕೆಳಗೆ ಟಂಟಂ ಆಟೊ ಬಂದು ನಿಂತ ಸದ್ದಾಯಿತು. ತಾಜುದ್ದೀನ ಮೇಲೆ ಬಂದ. ಕೆಳಗಿನ ಮನೆಯವನು, ಗಾಡಿ ರಿಪೇರಿ ಮಾಡುತ್ತಾನೆ, ತನ್ನ ಟಂಟಂ ಬಾಡಿಗೆಗೂ ಓಡಿಸುತ್ತಾನೆ.

"ಏನ್ರಿ ಸರ, ಹಗಲೆಲ್ಲಾ ಗುದ್ದಾಡೂ ಸಪ್ಪಳ ಬರ್ತೈತಿ ನಿಮ್ಮ ಮನ್ಯಾಗಿಂದ. ಇವತ್ತ ಯಾರ ಗೆದ್ರು?"

"ಯಾರೂ ಗೆದ್ದಿಲ್ಲ."

"ಮತ್ತ ಪಗಾರ ಯಾವದಕ್ಕ ಕೊಡ್ತಾರ್ರಿ?" ನಗುತ್ತ ಯಂತ್ರ ಎತ್ತಲು ಬಾಗಿದವನು ಹಾಗೇ ನಿಂತ. "ಅಕ್ಕಾರ, ಮಷೀನೂ ಹೊಂಟತೇನ್ರಿ?"

ಸುನಂದಾ ಚೀಲ ಎತ್ತಿಕೊಂಡಳು. ತಾಜುದ್ದೀನ ಮಹಾಬಳೇಶ್ವರನನ್ನು ನೋಡಿದ.

"ನಾಕ ದಿನಾ ತವರಮನಿಗೆ ಹೋಗೋರು ಮಷೀನ ಒಯ್ಯೂದಿಲ್ಲಲ್ರಿ ಸರ."

"ಸರ್ವಿಸಿಂಗ್ ಇರಬೇಕು," ಮಹಾಬಳೇಶ್ವರ ಅಂದ.

"ಹ್ಞಾಂ." ತಾಜುದ್ದೀನ ಯಂತ್ರ ಎತ್ತಿಕೊಂಡ. ಗಾಡಿಯವನಿಗೆ ರಿಪೇರಿಯ ವಿಷಯದಲ್ಲಿ ಇಂಥ ಸುಳ್ಳು ಹೇಳಬಾರದಿತ್ತು. "ಇರಬೇಕ್ರಿ."

ಅವಳು ಚಪ್ಪಲಿ ಮೆಟ್ಟಿದಳು. ಹೊಸಿಲಲ್ಲಿ ಒಂದು ಗಳಿಗೆ ನಿಂತಳು. ಅವನು ಏನಾದರೂ ಹೇಳಬೇಕಾದ ಹೊತ್ತು ಅದೆಂದು ಅವನಿಗೆ ತಿಳಿಯಿತು. ಆರನೆಯ ಮಹಡಿಯ ಅಪ್ಪುಗೆಗೆ ಮುಂಚೆಯೂ ಹೀಗೇ ಅರೆಕ್ಷಣದ ಅವಕಾಶವಿರುತ್ತದೆ. ಆಗ ಸರಿಯಾದ ಕೀಲಿ ಒತ್ತಬೇಕು.

"ಹುಷಾರು," ಎಂದ.

"ಚಾ ಮುಚ್ಚಿಟ್ಟೇನಿ," ಎಂದು ಇಳಿದುಹೋದಳು.

ಮೇಜಿಗೆ ಬಂದು ದನಿಯನ್ನು ಮತ್ತೆ ಕೇಳಿದ. ಸ್ಪಷ್ಟವಾಗಿತ್ತು. ಗದ್ದಲವಿಲ್ಲ. ಪದ ಮಾತ್ರ ತಪ್ಪು. 'ಪದ ಬದಲಾಗಬೇಕು, ದನಿಯ ಮಾದರಿಗೆ ಮಾತ್ರ' ಎಂದು ಟಿಪ್ಪಣಿ ಬರೆದು ಲೋಕೇಶನಿಗೆ ಕಳಿಸಿದ.

ಅಷ್ಟರಲ್ಲಿ ತಾಜುದ್ದೀನನ ಫೋನು ಬಂತು. ಹಿಂದೆ ಇಂಜಿನ್ನಿನ ಸದ್ದಿರಲಿಲ್ಲ.

"ಸರ, ಹಳಿಯಾಳ ರೋಡಿನ ಪಂಪಿನ್ಯಾಗ ಅದೇವ್ರಿ. ಎಣ್ಣಿ ಹಾಕಸ್ತೇನಿ ಅಂತ ಹೇಳಿ ನಿಂತೇನಿ." ದನಿ ತಗ್ಗಿಸಿದ. "ಟ್ಯಾಂಕ್ ಫುಲ್ ಐತ್ರಿ. ಅಕ್ಕಾರಿಗೆ ಗೊತ್ತಿಲ್ಲ."

"ಮತ್ತ ಯಾಕ ನಿಂತಿ?"

"ಗಾಳಿ ನೋಡ್ತೇನಿ, ನೀರ ನೋಡ್ತೇನಿ, ಇನ್ನೂ ಹತ್ತ ನಿಮಿಷ ನಿಂದರ್ತೇನಿ. ನೀವು ಏನರ ಮರತೀರೇನು ನೋಡ್ರಿ. ನಿಮ್ಮ ಗಾಡಿ ಮ್ಯಾಲ ಬಂದ್ರ ಐದ ನಿಮಿಷ."

ಮಹಾಬಳೇಶ್ವರ ಕೋಣೆಯ ಸುತ್ತ ನೋಡಿದ. ನಿಜವಾಗಿಯೂ ನೋಡಿದ. ಯಂತ್ರವಿದ್ದ ಜಾಗದಲ್ಲಿ ನೆಲದ ಬಣ್ಣ ಬೇರೆಯಿತ್ತು. ಗಾಡಿಯ ಕೀಲಿ ಮೊಳೆಗೆ ತೂಗುತ್ತಿತ್ತು. ಎದ್ದು ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ಏನೂ ಮರತಿಲ್ಲ," ಎಂದ.

"ಇನ್ನೊಮ್ಮೆ ನೋಡ್ರಿ ಸರ."

"ಇಲ್ಲ ತಾಜು. ಎಲ್ಲಾ ಒಯ್ದಾಳ."

"ಆತ್ರಿ," ಎಂದ ತಾಜುದ್ದೀನ. ಅವನೂ ಬರ್ತೇನಿ ಅನ್ನಲಿಲ್ಲ.

ಫೋನು ಕೆಳಗಿಡುವ ಮುಂಚೆಯೇ ಲೋಕೇಶನ ಸಂದೇಶ ಬಂದಿತ್ತು. ಅದರ ಹಿಂದೆಯೇ ಲೋಕೇಶನ ಕರೆ.

"ಮ್ಯಾಕ್ಸ್, ಕೇಳ್ದೆ. ಟೀಮ್ ಎಲ್ಲಾ ಕೇಳಿದ್ರು. ಏನ್ ಫೀಲ್ ರೀ ಅದು! ಆರ್ಟಿಸ್ಟ್ ಬೇಡ. ಇದೇ ಇರ್ಲಿ."

"ಪದ ತಪ್ಪಿದೆ. ಅದು 'ಬರ್ತೇನಿ' ಆಗಬೇಕು."

"ಬೇಡ ಬೇಡ. 'ಹೋಗ್ತೇನಿ'ನೇ ಪವರ್‌ಫುಲ್. ಅವಳು ಹೋಗ್ತೇನಿ ಅಂತಾಳೆ, ನಾವು ಬಿಡಲ್ಲ, ಮತ್ತೆ ಫಸ್ಟ್ ಡೇ. ಐರನಿ ಚೆನ್ನಾಗಿದೆ. ಬಿಲ್ಡ್‌ಗೆ ಹಾಕಿಸಿದೀನಿ, ಟೆಸ್ಟ್ ಮಾಡಿ. ನಿಮ್ಮ ಮಿಸೆಸ್‌ಗೆ ಥ್ಯಾಂಕ್ಸ್ ಹೇಳಿ. ಕುಟುಂಬ ಅಂದ್ರೆ ಹೀಗಿರ್ಬೇಕು."

"ಹೇಳ್ತೇನಿ," ಎಂದ.

ಹೊಸ ಆವೃತ್ತಿ ಇಳಿಯಿತು. ಮೊದಲ ಮಹಡಿಯಲ್ಲೇ ಬೇಕೆಂದು ಸತ್ತ. ಲಿಫ್ಟಿನ ಬಾಗಿಲು ಮುಚ್ಚಿತು. ರಟ್ಟಿನ ಪೆಟ್ಟಿಗೆ ಹಿಡಿದ ನಾಯಕಿ ಅವನ ಕಡೆ ತಿರುಗಿದಳು.

"ಹೋಗ್ತೇನಿ."

ಸ್ವಾಗತ. ಇಂದು ನಿಮ್ಮ ಮೊದಲ ದಿನ. ಸಹನೆ ಒಂದಂಕ ಏರಿತು.

ದನಿ ತುಟಿಯ ಚಲನೆಗಿಂತ ತುಸು ಹಿಂದಿತ್ತು. ದೋಷವೆಂದು ದಾಖಲಿಸಲು ಖಚಿತವಾಗಬೇಕಿತ್ತು. ಎರಡನೆಯ ಮಹಡಿಯಲ್ಲಿ ಸತ್ತ. "ಹೋಗ್ತೇನಿ." ಮೂರನೆಯ ಮಹಡಿಯಲ್ಲಿ ಮನಸ್ಸಿನ ಅಂಕ ಕೇಳುವವರ ಕೈಯಲ್ಲಿ ಸತ್ತ. "ಹೋಗ್ತೇನಿ." ಹೌದು, ತುಸು ಹಿಂದಿತ್ತು. ದಾಖಲಿಸಿದ. ಆಮೇಲೂ ಸಾಯುತ್ತಲೇ ಇದ್ದ. ಮೊದಮೊದಲು ಲಿಫ್ಟಿನಲ್ಲಿ ಸುನಂದಾಳೇ ನಿಂತು ಅಂದಂತಿತ್ತು. ಸಹನೆ ಏರಿತು. ನಂತರ ಅದು ಒಂದು ದನಿಯಾಯಿತು, ನಂತರ ಒಂದು ಪದ, ಆಮೇಲೆ ಲಿಫ್ಟಿನ ಸದ್ದಿನ ಒಂದು ಭಾಗ.

ಮಿಲ್ಲಿನ ಭೋಂಗಾ ಕೂಗಿದಾಗ ಹಸಿವೆಯಾಗಿದೆ ಎನ್ನಿಸಿತು. ಅಡುಗೆಮನೆಗೆ ಹೋದ. ಕಟ್ಟೆಯ ಮೇಲೆ ಚಾದ ಕಪ್ಪು, ಮೇಲೆ ಬಸಿ ಮುಚ್ಚಿತ್ತು. ಬಸಿ ತೆಗೆದ. ಕೆನೆ ಕಟ್ಟಿತ್ತು. ಮುಟ್ಟಲಿಲ್ಲ.

ಏನೋ ನೆನಪಾದವನಂತೆ ಹಿಂದಿರುಗಿ ಕಿಟಕಿಯ ದಾರ ಬಿಚ್ಚಿ ಥರ್ಮಾಮೀಟರು ತಂದ. ಕೋಣೆಯ ಉಷ್ಣತೆಯನ್ನು ಓದಿಕೊಂಡ. ತುದಿಯಿಂದ ಕೆನೆ ಸರಿಸಿ ಕಪ್ಪಿನಲ್ಲಿ ಅದ್ದಿದ. ವಿದ್ಯಾರ್ಥಿಗಳಿಗೆ ಹೇಳುತ್ತಿದ್ದಂತೆ ಕಣ್ಣನ್ನು ಪಾದರಸದ ಮಟ್ಟಕ್ಕೆ ತಂದು ಕಾದ. ಮೇಜಿನ ಮೇಲಿನಿಂದ, ಆಟ ತನ್ನಷ್ಟಕ್ಕೆ ಸತ್ತಿರಬೇಕು, ಅವಳ ದನಿ ಒಮ್ಮೆ ಕೇಳಿಸಿತು.

ಪಾದರಸ ಏರಲಿಲ್ಲ, ಇಳಿಯಲೂ ಇಲ್ಲ. ಕೋಣೆ ಮೂವತ್ತೊಂದು ಡಿಗ್ರಿ. ಚಾ ಮೂವತ್ತೊಂದು ಡಿಗ್ರಿ.