ಎಡಕ್ಕೆ ತಿರುಗುವ ಬೈತಲೆ

ಆ ಬಿರುಕು ನೆಟ್ಟಗೆ ಬರುತ್ತಾ ಬರುತ್ತಾ ಫ್ಯಾನಿನ ಹತ್ತಿರ ಯಾಕೆ ಎಡಕ್ಕೆ ತಿರುಗಿತು, ಅಷ್ಟು ಬೆಳ್ಳಗಿನ ಚಾವಣಿಯಲ್ಲಿ ಒಂದೇ ಒಂದು ಕಪ್ಪು ಗೆರೆ, ಅವಳಿಗೆ ಅದನ್ನು ಬಿಟ್ಟು ನೋಡಲು ಬೇರೇನೂ ಇಲ್ಲ — ಅಲ್ಲಾಡಬೇಡಿ ಅಮ್ಮಾ, ಸೂಜಿ ಇರೋವಷ್ಟು ಹೊತ್ತು ಹಾಯಾಗಿ ಮಲಗಿ, ಎಂದು ಪರದೆ ಎಳೆದು ಹೋಗಿಬಿಟ್ಟಳು ಸೂಜಿ ಡಾಕ್ಟರಮ್ಮ. ಹಾಯಾಗಿ! ಹಾಯಾಗಿ ಮಲಗುವುದು ಗೊತ್ತಿದ್ದರೆ ಈ ಬಲ ಹೆಗಲು ಹೀಗೆ ಕೊರಡಾಗುತ್ತಿತ್ತೇ, ಹೊಲಿಗೆ ಯಂತ್ರದ ಮುಂದೆ ಬಗ್ಗಿ ಬಗ್ಗಿ ಬಂದ ನೋವು ಇದು, ಹೆಗಲು ನೋವು ಅಂದರೆ ಕಾಲಿಗೆ ಚುಚ್ಚುತ್ತಾರಲ್ಲ, ಮೊಣಕಾಲಿನ ಕೆಳಗೆ ಒಂದು, ಎಡಗೈ ಮೇಲೊಂದು, ಹರಿದದ್ದು ತೋಳು, ತೇಪೆ ಪಾದದ ಹತ್ತಿರ, ತಾನು ಗಿರಾಕಿಗೆ ಹಾಗೆ ಮಾಡಿಕೊಟ್ಟಿದ್ದರೆ ಅಂಗಡಿಗೇ ಬೀಗ. ಚುಚ್ಚಿದ್ದು ಗೊತ್ತೇ ಆಗಲಿಲ್ಲ, ಅದು ಬೇರೆ ಮಾತು, ಕೂದಲಿನಷ್ಟು ಸಣ್ಣ ಸೂಜಿ, ಅವಳ ಕಣ್ಣೆದುರೇ ಹೊಸ ಪೊಟ್ಟಣ ಒಡೆದಳು, ನೋವಾಗಲ್ಲ, ಭಾರ ಅನ್ಸುತ್ತೆ, ಜುಮ್ ಅನ್ಸುತ್ತೆ, ತಲೆ ಸುತ್ತಿದ್ರೆ ತಕ್ಷಣ ಕೂಗಿ, ಏನಾದ್ರೂ ತಿಂದು ಬಂದಿದೀರಿ ತಾನೆ? ತಿಂದಿರಲಿಲ್ಲ. ರಕ್ತ ಪರೀಕ್ಷೆಯ ಹಾಗೆ ಇದಕ್ಕೂ ಖಾಲಿ ಹೊಟ್ಟೆಯಲ್ಲೇ ಬರಬೇಕು ಅಂದುಕೊಂಡು ಬೆಳಿಗ್ಗೆಯಿಂದ ಬರೀ ನೀರು ಕುಡಿದುಕೊಂಡೇ ಇದ್ದಳು, ಡಾಕ್ಟರಮ್ಮ ಹಣೆ ಚಚ್ಚಿಕೊಂಡು, ಹೋಗಿ ಬನ್ನು ತಿಂದು ಬನ್ನಿ ಅಂತ ಕಳಿಸಿದಳು, ಇಷ್ಟು ವಯಸ್ಸಾಗಿ ಬನ್ನು ತಿನ್ನಿಸಿಕೊಂಡು ಬರುವ ಕರ್ಮ. ಈ ಬನ್ನಿನ ಕತೆ ಅತ್ತೆ ಕೇಳಿದ್ದರೆ ಬಿಡುತ್ತಿದ್ದರೇ, ಹೊರಡುವಾಗಲೇ, ಹುಟ್ಟಾ ಸೂಜಿ ಹಿಡಿದವಳು ದುಡ್ಡು ಕೊಟ್ಟು ಚುಚ್ಚಿಸ್ಕೊಳ್ಳೋಕೆ ಹೊರಟಿದಾಳೆ, ಇಲ್ಲಿ ಬಾರೇ, ನಾನೇ ನಾಲ್ಕು ಚುಚ್ತೀನಿ ಪುಕ್ಕಟೆ, ಅಂದವರು ಅವರು. ಮತ್ತೆ ಆ ಬಿರುಕು. ಇಲ್ಲಿ ಬಿಳಿಯ ಮೇಲೆ ಕಪ್ಪು, ಮನೆಯಲ್ಲಿ ಕಪ್ಪಿನ ಮೇಲೆ ಬಿಳಿ, ಮಗಳ ಬೈತಲೆ, ಅದೂ ಹೀಗೇ ಹಣೆಯಿಂದ ನೆಟ್ಟಗೆ ಹೊರಟು ನೆತ್ತಿ ಮುಟ್ಟುವಷ್ಟರಲ್ಲಿ ಎಡಕ್ಕೆ, ಯಾಕಂದರೆ ಬಾಚುವ ತನ್ನ ಕೈ ಅದಕ್ಕಿಂತ ಮೇಲೆ ಏಳುವುದಿಲ್ಲ.

ಬಟ್ಟೆಯ ಮೇಲೆ ಅಳತೆಪಟ್ಟಿ ಇಲ್ಲದೆ ಸೀಮೆಸುಣ್ಣದಲ್ಲಿ ಗೆರೆ ಎಳೆದರೂ ಕೂದಲೆಳೆ ಆಚೀಚೆ ಆಗದ ಕೈ ಇದು, ಹೆತ್ತ ಮಗಳ ತಲೆಯ ಮೇಲೆ ಸೊಟ್ಟ, ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಗಿರಾಕಿಯನ್ನು ಅಳತೆಗೆ ನಿಲ್ಲಿಸಿದ ಹಾಗೆ ನಿಲ್ಲಿಸಿ, ನೆಟ್ಟಗೆ ನಿಲ್ಲೇ, ತಲೆ ಎತ್ತು, ಅಯ್ಯೋ ನನ್ನ ಹೆಗಲು, ಹುಡುಗಿ ಬೇರೆ ಸೋರೆಬಳ್ಳಿಯ ಹಾಗೆ ಉದ್ದ ಬೆಳೆದು ನಿಂತಿದ್ದಾಳೆ, ಎರಡು ಜಡೆ ಹೋಗಿ ಒಂದಾಯಿತು, ಒಂದು ಹೋಗಿ ಬರೀ ಗಂಟಾಯಿತು, ಬಿಡಮ್ಮಾ, ಸಂಜೆ ಅಪ್ಪನ ಜೊತೆ ಹೋಗಿ ಕಟ್ ಮಾಡಿಸ್ಕೋತೀನಿ, ನಿಂಗೂ ನೋವಿಲ್ಲ ನಂಗೂ ಬೈಗುಳ ಇಲ್ಲ. ಅವರಪ್ಪನೂ, ಸರಿ ಬಿಡು ಕೂದಲು ತಾನೆ ಮತ್ತೆ ಬೆಳೆಯುತ್ತೆ, ಅಂದುಬಿಟ್ಟರಲ್ಲ, ಸಂಜೆ ಅಂದರೆ ಇವತ್ತೇ, ಪರದೆಯ ಆಚೆ ಬೆಂಚಿನ ಮೇಲೆ ಶಾಲೆಯ ಚೀಲ ಅಪ್ಪಿಕೊಂಡು ಕೂತಿದ್ದಾಳೆ, ಅಷ್ಟರೊಳಗೆ ಈ ಕೈ ಏಳಬೇಕು, ಏಳು ಮಾರಾಯ್ತಿ ಏಳು. ಎಡಗೈ ಸೂಜಿ ಜಾರಿ ಹಾಸಿಗೆಗೆ ಬಿತ್ತು, ಬಿದ್ದ ಸೂಜಿ ಮಕ್ಕಳ ಕಾಲಿಗೆ ನಾಟುತ್ತೆ, ಯೋಚನೆಗೆ ಮೊದಲೇ ಬಲಗೈ ಹೋಗಿ ಹೆಕ್ಕಿ ಎದೆಯ ಬಟ್ಟೆಗೆ ಚುಚ್ಚಿಟ್ಟಿತು, ಅಂಗಡಿಯಲ್ಲಿ ಇಡುವ ಹಾಗೆ. ಅಯ್ಯೋ ಏನಮ್ಮಾ ಇದು, ಇದನ್ನ ಮನೆಗೆ ಒಯ್ದು ಗುಂಡಿ ಹೊಲೀತೀರಾ, ಪರದೆ ಸರಿಸಿ ಬಂದ ಡಾಕ್ಟರಮ್ಮ ಕಿತ್ತು ಹಳದಿ ಡಬ್ಬಿಗೆ ಹಾಕಿದಳು. ಬಲಗೈಲೇ ತೆಗೆದೆ ಡಾಕ್ಟ್ರೇ, ನೋವಾಗಲಿಲ್ಲ! ಕೆಳಗೆ ಎಲ್ಲರ ಕೈನೂ ಹೋಗುತ್ತಮ್ಮಾ, ಮೇಲೆ ಎತ್ತಿ ನೋಡೋಣ, ನಿಧಾನ, ಬಲವಂತ ಬೇಡ. ಕಿವಿಯವರೆಗೆ ಬಂತು, ನಿಂತಿತು, ನಿನ್ನೆಯೂ ಕಿವಿಯವರೆಗೇ. ಒಂದು ಸಲಕ್ಕೆ ಹೇಳೋಕಾಗಲ್ಲ, ನಾಲ್ಕೈದು ಸಲ ನೋಡೋಣ, ಕೆಲವರಿಗೆ ಹಿಡಿಯುತ್ತೆ ಕೆಲವರಿಗೆ ಇಲ್ಲ, ಮೂಳೆ ಡಾಕ್ಟರ ಮಾತ್ರೆ ಮಾತ್ರ ಬಿಡಬೇಡಿ — ಇಷ್ಟಕ್ಕಾ, ಬನ್ನು ತಿಂದು ಮುಳ್ಳುಹಂದಿಯ ಹಾಗೆ ಮಲಗಿದ್ದು ಇಷ್ಟಕ್ಕಾ, ಉಳಿದ ಸೂಜಿಗಳೂ ಹೋದವು, ಅವಳು ಎದ್ದು ಎತ್ತರದ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು, ಇಳಿಯುವ ಮನಸ್ಸೂ ಇಲ್ಲ.

ಪರದೆ ಸರಿಯಿತು, ಕೈ ಮೇಲೆ ಹೋಯ್ತಾ ಅಮ್ಮಾ, ಮಗಳು ಅವಳ ಮುಖ ನೋಡಿದಳು, ಚೀಲ ನೆಲಕ್ಕೆ ಹಾಕಿ, ಕೂದಲ ಗಂಟು ಬಿಚ್ಚಿ, ಮಂಚದ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು, ಬೆನ್ನು ಅಮ್ಮನ ಮೊಣಕಾಲಿಗೆ, ತಲೆ ಮಡಿಲಿನ ಮಟ್ಟಕ್ಕೆ — ಕೆಳಗೆ, ಕೆಳಗೆ ಎಲ್ಲರ ಕೈನೂ — ಇಷ್ಟು ತಿಂಗಳು ನಿಲ್ಲಿಸಿದ್ದೆನಲ್ಲ, ಅಳತೆಗೆ ನಿಲ್ಲಿಸಿದ ಹಾಗೆ, ಮನೆಯಲ್ಲಿ ಮಂಚ ಇರಲಿಲ್ಲವೇ ನೆಲ ಇರಲಿಲ್ಲವೇ, ಯಾರ ತಲೆಗೂ ಹೊಳೆಯಲಿಲ್ಲವಲ್ಲ, ಬಾಚಣಿಗೆ ಕೊಡೇ, ಅಲ್ಲಾಡಬೇಡ, ಬಾಚಣಿಗೆಯ ತುದಿ ಹಣೆಯಲ್ಲಿ ಇಟ್ಟಳು, ಎಳೆದಳು, ಬಿಳಿ ಗೆರೆ, ನೆತ್ತಿ ಬರುತ್ತಿದೆ, ಆ ಫ್ಯಾನಿನ ಜಾಗ ಬರುತ್ತಿದೆ, ಸಂಜೆ ಹೋಗ್ತೀಯೇನೇ ಅಂತ ಕೇಳಬೇಕು, ಅಷ್ಟರಲ್ಲಿ ಮಗಳ ಕೈ ತನ್ನ ಭುಜದ ಮೇಲಿಂದ ಹಿಂದಕ್ಕೆ ಬಂತು, ಬೆರಳಲ್ಲಿ ಒಂದಲ್ಲ, ಎರಡು ಕೆಂಪು ಜಡೆ ಟೇಪು, ನೆತ್ತಿ, ನೆತ್ತಿ ದಾಟಿತು, ಬಿಳಿ ಗೆರೆ, ಕಪ್ಪಿನ ಮೇಲೆ ಬಿಳಿ ಗೆರೆ, ನೆಟ್ಟಗೆ, ಬಿಳಿ ಗೆರೆ —